ಕಾಕಾ ಹಾಕಿದ ಸಡಿಲು ಗಂಟು

ಮುನ್ನೂರೈವತ್ತು ಹೇಳಿದರು, ಇನ್ನೂರಕ್ಕೆ ಕೊಟ್ಟರು. ಅಷ್ಟಕ್ಕೂ ಅದು ನನಗೆ ಬೇಕಾಗಿರಲಿಲ್ಲ. ಆನೆಗೊಂದಿಯಲ್ಲಿ ಬಾಳೆನಾರಿನ ಬುಟ್ಟಿ, ಚಾಪೆ ಮಾರುವ ಹೆಣ್ಣುಮಕ್ಕಳ ಸಾಲಿನ ಕೊನೆಗೆ ಒಬ್ಬಳು ಒಣಗಿದ ಸೋರೆ ಬುರುಡೆಗಳನ್ನು ಇಟ್ಟುಕೊಂಡು ಕೂತಿದ್ದಳು. ಬುರುಡೆಗೆ ಸಣ್ಣ ಸಣ್ಣ ತೂತು ಕೊರೆದು, ಒಳಗೆ ಬಲ್ಬು ಇಟ್ಟು, ಪ್ರವಾಸಿಗಳಿಗಾಗಿ ದೀಪ ಮಾಡಿದ್ದರು. ಬೇಡವಾದ ವಸ್ತುವಿನ ದರ ನಾನು ಕೇಳುವವಳಲ್ಲ. ಕೇಳಿದರೆ ಅರ್ಧ ಕೊಂಡ ಹಾಗೆ. ಆದರೂ ಒಂದನ್ನು ಎತ್ತಿ ಮೂಗಿಗೆ ಹಿಡಿದೆ. ಒಣಬೀಜದ, ಧೂಳಿನ, ಗಂಟಲಿಗೆ ಇಳಿಯುವ ಸಣ್ಣ ಕಹಿಯ ವಾಸನೆ... ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ನನ್ನ ಅಂಗೈ ತಣ್ಣಗಾಯಿತು.

ಮಾರುವವಳು ನನ್ನ ಮುಖ ನೋಡಿ ಗಾಬರಿಯಾದಳು. "ಯಾಕ್ರೀ ಅಕ್ಕಾರ, ಒಳಗ ಹುಳ ಅದಾವೇನ್ರಿ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ತಾನಾಗಿ ದರ ಇಳಿಸಿದಳು. ಇಷ್ಟು ವರ್ಷದ ನನ್ನ ವ್ಯಾಪಾರದಲ್ಲಿ ನನ್ನ ಹೆದರಿಕೆ ನೋಡಿ ದರ ಇಳಿದದ್ದು ಅದೊಂದೇ ಸಲ.

ಅಂಥ ಬುರುಡೆಗಳನ್ನು ಬೆನ್ನಿಗೆ ಕಟ್ಟಿಕೊಂಡು ಈಜು ಕಲಿತವರು ನಾವು. ನಾನು, ಮತ್ತು ನಮ್ಮ ಪಕ್ಕದ ಮನೆಯ ಅಕ್ಕ.

ಅಕ್ಕ ಅಂದರೆ ನನಗಿಂತ ಒಂದೇ ವರ್ಷಕ್ಕೆ ದೊಡ್ಡವಳು. ಗಂಗಾವತಿಯ ನಮ್ಮ ಓಣಿ ಮುಗಿದಲ್ಲಿ ಭತ್ತದ ಗದ್ದೆ ಶುರುವಾಗುತ್ತಿತ್ತು. ಅಲ್ಲೇ ಅವಳ ಕಾಕಾನ ಹೊಲ, ಹೊಲದ ಮೂಲೆಯಲ್ಲಿ ಕಲ್ಲು ಕಟ್ಟಿದ ಚೌಕ ಬಾವಿ. ಅವಳ ಕಾಕಾ ನಮ್ಮೆಲ್ಲರಿಗೂ ಕಾಕಾನೇ. ಓಣಿಯ ಮಕ್ಕಳಿಗೆ ಈಜು ಕಲಿಸುತ್ತಿದ್ದವನು ಅವನು. ಹೆಣ್ಣುಮಕ್ಕಳಿಗೇಕೆ ಈಜು ಎಂದು ಯಾರಾದರೂ ಆಡಿಕೊಂಡರೆ, "ಕಾಲುವಿ ಗಂಡು ಹೆಣ್ಣು ನೋಡಿ ಎಳಕೋತೈತೇನು?" ಎಂದು ಬಾಯಿ ಮುಚ್ಚಿಸುತ್ತಿದ್ದ. ಕಾಲುವೆಯ ದಂಡೆಯ ಮೇಲೆ ಬದುಕುವವರಿಗೆ ಅದು ಸರಿಯಾದ ಮಾತು. ನಾನೂ ಒಪ್ಪುತ್ತೇನೆ.

ಆ ಬಾವಿ ಮಾತ್ರ ನನಗೆ ಎಂದೂ ಒಗ್ಗಲಿಲ್ಲ. ಕಾಲುವೆಯ ಬಸಿನೀರಿನಿಂದ ವರ್ಷವಿಡೀ ತುಂಬಿರುತ್ತಿತ್ತು. ಹಸಿರು ನೀರು, ಮೇಲೆ ಪಂಪಿನ ಎಣ್ಣೆಯ ತೆಳುವಾದ ಪದರ, ಗೋಡೆಯ ಸಂದಿನಲ್ಲಿ ಪಾರಿವಾಳಗಳ ಗುಟುರು. ಒಂದು ಗೇಣು ಕೆಳಗಿನ ನಮ್ಮ ಕಾಲೇ ನಮಗೆ ಕಾಣುತ್ತಿರಲಿಲ್ಲ. ಒಳಗೆ ಏನಿದೆ ಎಂದು ಯೋಚಿಸಿದ ದಿನ ನಾನು ಪಾವಟಿಗೆಯ ಮೇಲೆಯೇ ಉಳಿಯುತ್ತಿದ್ದೆ. ಅಕ್ಕ ಯೋಚಿಸುತ್ತಲೇ ಇರಲಿಲ್ಲ. ಓಡಿ ಬಂದು, ಮೂಗು ಹಿಡಿಯದೆ, ಜಡೆಯ ಸಮೇತ ಜಿಗಿಯುತ್ತಿದ್ದಳು.

ಕಾಕಾ ಕಲಿಸುವ ರೀತಿ ಹೀಗಿತ್ತು. ಮೊದಮೊದಲು ಬೆನ್ನಿಗೆ ಎರಡು ಬುರುಡೆ, ಗಟ್ಟಿ ಗಂಟು. ಸ್ವಲ್ಪ ಕೈಕಾಲು ಬಡಿಯಲು ಬಂದ ಮೇಲೆ ಒಂದೇ ಬುರುಡೆ. ಆಮೇಲೆ ಒಂದು ದಿನ, ಮಗುವಿಗೆ ಹೇಳದೆ, ಗಂಟನ್ನು ಸಡಿಲು ಹಾಕುತ್ತಿದ್ದ. ನಾಲ್ಕು ಸಲ ಕೈ ಬೀಸಿದರೆ ತಾನಾಗಿ ಬಿಚ್ಚಿಕೊಳ್ಳುವ ಗಂಟು ಅದು. ಬುರುಡೆ ಬೆನ್ನ ಮೇಲಿದೆ ಎಂದುಕೊಂಡೇ ಮಗು ಈಜುತ್ತಾ ಹೋಗುತ್ತಿತ್ತು. ಬುರುಡೆ ಹಿಂದೆಯೇ ತೇಲಿ ಉಳಿಯುತ್ತಿತ್ತು. ಕಾಕಾ ಸದ್ದಿಲ್ಲದೆ ಹಿಂದೆ ಹಿಂದೆ ಈಜಿ ಬಂದು, ಮಗು ಆಚೆ ಗೋಡೆ ಮುಟ್ಟಿದ ಕೂಡಲೇ ಬುರುಡೆ ಎತ್ತಿ ತೋರಿಸುತ್ತಿದ್ದ. "ಇದು ಯಾರದ ಬೇ? ದಾರ್‍ಯಾಗ ಬಿದ್ದಿತ್ತು!" ದಂಡೆಯ ಮೇಲಿದ್ದವರೆಲ್ಲ ಹೋ ಎಂದು ನಗುತ್ತಿದ್ದರು. ಆ ನಗುವಿನಲ್ಲಿಯೇ ಮಗುವಿಗೆ ಗೊತ್ತಾಗುತ್ತಿತ್ತು, ತನಗೆ ಈಜು ಬಂತು ಎಂದು. ನಾನು ಕಲಿತದ್ದು ಹಾಗೆ. ಅಕ್ಕ ಕಲಿತದ್ದೂ ಹಾಗೆಯೇ. ನಮ್ಮ ಓಣಿಯಲ್ಲಿ ಆ ಸಡಿಲು ಗಂಟು ಎಂದರೆ ಪರೀಕ್ಷೆ ಪಾಸಾದ ಹಾಗೆ.

ಕೊಪ್ಪಳ ಹೊಸದಾಗಿ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆಗೆ ಎಲ್ಲ ಆಟದಲ್ಲೂ ಹೆಸರು ಕಳಿಸುವ ಆತುರ. ನಮ್ಮ ಸಾಲೆಯ ಡ್ರಿಲ್ ಮಾಸ್ತರರು ಅಕ್ಕನ ಮನೆಗೆ ಬಂದು ಚಹಾ ಕುಡಿಯುತ್ತಾ, "ಈಸಾಕ ಹೆಣ್ಣು ಹುಡುಗ್ಯಾರು ಯಾರೂ ಸಿಗವಲ್ರು ಸಾವ್ಕಾರ್ರ. ನಿಮ್ಮ ಮಗಳು ಬಂದ್ರ ಜಿಲ್ಲಾದ ಮಾನ ಉಳಿತೈತ್ರಿ" ಎಂದರು. ಅವಳ ಅಪ್ಪ ಸಾವ್ಕಾರನೂ ಅಲ್ಲ, ಏನೂ ಅಲ್ಲ. ಆದರೆ ಆ ಒಂದು ಮಾತಿಗೆ ಒಪ್ಪಿಬಿಟ್ಟ. ಜೊತೆಗೆ ಹೋಗಲು ನನ್ನ ಹೆಸರನ್ನೂ ಸೇರಿಸಿದರು. ಜಿಲ್ಲೆಯಲ್ಲಿ ಈಜುಕೊಳ ಇರಲಿಲ್ಲ, ಎದುರಾಳಿಗಳೂ ಇರಲಿಲ್ಲ. ಹೆಸರು ಕೊಟ್ಟ ನಾವೇ ಗೆದ್ದವರು. ನೇರವಾಗಿ ವಿಭಾಗ ಮಟ್ಟದ ಪಂದ್ಯಕ್ಕೆ ಬಸ್ಸು ಹತ್ತಿದೆವು.

ಆ ದೂರದ ಊರಿನಲ್ಲಿ ನಾವು ಮೊದಲ ಸಲ ಈಜುಕೊಳ ನೋಡಿದೆವು. ಬ್ಲೀಚಿಂಗ್ ಪುಡಿಯ ವಾಸನೆ, ನೀಲಿ ಹಾಸುಗಲ್ಲು, ಅಲ್ಲಾಡದ ನೀರು. ನನಗೆ ಚೆಂದ ಕಂಡಿತು. ಅಕ್ಕ ಅಂಚಿಗೆ ಹೋಗಿ ಬಗ್ಗಿ ನೋಡಿದವಳು ಸರಕ್ಕನೆ ಹಿಂದೆ ಸರಿದು ನನ್ನ ರಟ್ಟೆ ಹಿಡಿದಳು.

"ತಳ ಕಾಣಾಕತ್ತೈತಿ."

"ಕಂಡ್ರ ಛಲೋನ ಆತಲ್ಲ."

"ಅಷ್ಟು ಕೆಳಗ ಐತಿ ನೋಡ ಅದು. ನಾವು ಅದರ ಮ್ಯಾಲ ಇರ್ತೀವೇನ? ಏನೂ ಆಸರ ಇಲ್ದ?"

ನಾನು ನಕ್ಕೆ. ಬಾವಿ ಅದಕ್ಕಿಂತ ಎಷ್ಟೋ ಆಳ. ಆದರೆ ಬಾವಿಯ ಹಸಿರು ನೀರು ಆ ಆಳವನ್ನು ನಮಗೆ ಒಮ್ಮೆಯೂ ತೋರಿಸಿರಲಿಲ್ಲ.

ಅವಳ ಪಂದ್ಯಕ್ಕೆ ಸೀಟಿ ಊದಿದರು. ಅಕ್ಕ ಎಲ್ಲರ ಜೊತೆ ಜಿಗಿದಳು, ಎಲ್ಲರಿಗಿಂತ ಮುಂದೆ ಹೋದಳು. ನಮ್ಮ ಡ್ರಿಲ್ ಮಾಸ್ತರರು ಟವೆಲ್ ಬೀಸಿ ಕುಣಿಯತೊಡಗಿದರು. ನಡುವೆ ಅವಳ ಕೈ ನಿಂತಿತು. ತಲೆ ನೀರಿನಲ್ಲಿ ಕೆಳಮುಖವಾಗಿಯೇ ಇತ್ತು, ತಳವನ್ನೇ ನೋಡುತ್ತಿರುವ ಹಾಗೆ. ಮರುಕ್ಷಣ ಪಕ್ಕದ ಹಗ್ಗಕ್ಕೆ ಜೋತು ಬಿದ್ದು, ಗಾಳಿ ಸಾಲದವಳಂತೆ ಬಾಯಿ ತೆರೆದು ತೆರೆದು ಮುಚ್ಚಿದಳು. ಇಬ್ಬರು ಇಳಿದು ಎಳೆದು ತಂದರು. ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ. ಆದರೂ ಸಾಯುತ್ತಿರುವವಳ ಕಣ್ಣು... ಆ ಕಣ್ಣು ನಾನು ಮರೆತಿಲ್ಲ. ಆಚೆ ದಂಡೆಯಲ್ಲಿ ಯಾರೋ ನಕ್ಕರು.

ಊರಿಗೆ ಬಂದ ಮೇಲೆ ಇಳಿಯುತ್ತದೆ ಎಂದುಕೊಂಡೆವು. ಅದು ಬೆಳೆಯಿತು. ತಲೆಯ ಮೇಲೆ ತಂಬಿಗೆ ನೀರು ಸುರಿದುಕೊಂಡರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಸಾಲೆಯಲ್ಲಿ ಸುಮ್ಮನೆ ಕೂತಲ್ಲೇ ಬೆವರುತ್ತಿದ್ದಳು. ಎದೆ ಬಡಿತ ನನಗೆ ಕೇಳಿಸುತ್ತದೋ ಎಂದು ನನ್ನ ಕಿವಿಯನ್ನು ತನ್ನ ಎದೆಗೆ ಹಚ್ಚುತ್ತಿದ್ದಳು. "ಈಗ ಸಾಯ್ತೀನಿ ಅನಿಸ್ತೈತಿ, ಸಾಯಂಗಿಲ್ಲ. ಮತ್ತ ಅನಿಸ್ತೈತಿ. ಹಿಂಗ ಆದ್ರ ನನಗ ಹುಚ್ಚ ಹಿಡಿತೈತೇನ?" ಎನ್ನುತ್ತಿದ್ದಳು. ಕೊನೆಗೆ ಸಾಲೆಗೂ ಬರುವುದನ್ನು ಬಿಟ್ಟಳು. ಗೋಡೆಗೆ ಬೆನ್ನು ಹಚ್ಚಿ ಕೂತು ಬಾಗಿಲನ್ನೇ ನೋಡುತ್ತಿದ್ದಳು.

ಅವಳ ಅವ್ವ ದೃಷ್ಟಿ ತೆಗೆದಳು. ದರ್ಗಾದಿಂದ ತಾಯತ ತಂದು ಕಟ್ಟಿದಳು, ಹೇಮಗುಡ್ಡದ ದುರ್ಗಮ್ಮನಿಗೆ ಹರಕೆ ಹೊತ್ತಳು. ಡಾಕ್ಟರರು ನಿಶ್ಶಕ್ತಿ ಎಂದು ಸೂಜಿ ಚುಚ್ಚಿದರು. ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂತು, "ಸಾಲಿ ತಪ್ಪಿಸಾಕ ನಾಟಕ ಬೇ ಅದು. ಮೀನಿಗೆ ನೀರಿನ ಅಂಜಿಕಿ ಅಂದ್ರ ಯಾರ ನಂಬ್ತಾರ?" ಎನ್ನುತ್ತಿದ್ದರು.

ಕಾಕಾ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ದಿನಾ ಸಂಜೆ ಬಂದು ಅವಳ ಪಕ್ಕ ಕೂರುತ್ತಿದ್ದ. ಕೊನೆಗೊಂದು ದಿನ, "ಅಂಜಿಕಿ ಎಲ್ಲಿ ಹತ್ತೈತಿ ಅಲ್ಲೇ ಬಿಡಿಸಬೇಕವ್ವ. ಬಾವಿಗೆ ಬಾ. ನೂಕಂಗಿಲ್ಲ, ಎಳಿಯಂಗಿಲ್ಲ. ಎರಡೂ ಬುರಡಿ ಕಟ್ತೀನಿ" ಎಂದ.

ಅಕ್ಕ ನನ್ನ ಕಡೆ ನೋಡಿದಳು. "ಇಕಿನೂ ಬರಬೇಕು. ಗಂಟು ಬಿಗಿ ಹಾಕಬೇಕು."

"ಹಾಕ್ತೀನಿ ನಮ್ಮವ್ವ."

ಮರುದಿನ ಮಧ್ಯಾಹ್ನ ಮೂವರೇ ಹೋದೆವು. ಪಂಪು ಬಂದ್ ಆಗಿತ್ತು. ಅಷ್ಟು ನಿಶ್ಶಬ್ದವಾದ ಬಾವಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಕ್ಕ ಪಾವಟಿಗೆಯ ಮೇಲೆ ಕಣ್ಣು ಮುಚ್ಚಿ ನಿಂತಳು, ಕಾಕಾ ಬೆನ್ನ ಹಿಂದೆ ಹಗ್ಗ ಸುತ್ತಿದ.

"ಕಾಕಾ, ಬಿಗಿ ಐತಿಲ್ಲ?"

"ಆನಿ ಎಳದ್ರೂ ಬಿಚ್ಚಂಗಿಲ್ಲ."

"ಆಣಿ ಮಾಡು."

ಕಾಕಾ ಅವಳ ನೆತ್ತಿಯ ಮೇಲೆ ಕೈ ಇಟ್ಟ. "ನಿನ್ನಾಣಿ."

ಒಂದೊಂದೇ ಮೆಟ್ಟಿಲು ಇಳಿದಳು. ಸೊಂಟ, ಎದೆ, ಕುತ್ತಿಗೆ. ತುಟಿ ಏನೋ ಜಪಿಸುತ್ತಿತ್ತು. ಕೈ ಬಿಟ್ಟಳು. ತೇಲಿದಳು. ಒಂದು, ಎರಡು ಸಲ ಕೈ ಬೀಸಿದಳು, ಆಮೇಲೆ ಹಳೆಯ ಅಕ್ಕನ ಹಾಗೆಯೇ ನೀಳವಾಗಿ... ನನ್ನ ಕಣ್ಣಲ್ಲಿ ನೀರು ಬಂತು. ಆಗ ಕಾಕಾ ನನ್ನ ಕಡೆ ತಿರುಗಿ ಕಣ್ಣು ಹೊಡೆದ.

ನನಗೆ ಆ ಕ್ಷಣವೇ ತಿಳಿಯಿತು. ಗಂಟು ಸಡಿಲು! ಕೂಗಬೇಕೆಂದರೆ, ಕೂಗಿದರೆ ಅವಳು ಹೆದರುತ್ತಾಳೆ ಎಂಬ ಹೆದರಿಕೆ.

ಹೊಸದಾಗಿ ಕಲಿಯುವ ಮಗು ಆಚೆ ಗೋಡೆಯನ್ನೇ ನೋಡಿಕೊಂಡು ಈಜುತ್ತದೆ. ಹೆದರಿದವರು ಹಿಂದೆ ತಿರುಗಿ ನೋಡುತ್ತಾರೆ. ಇಷ್ಟು ಕಾಕಾನಿಗೆ ಗೊತ್ತಿರಲಿಲ್ಲ. ಬಾವಿಯ ನಟ್ಟನಡುವೆ ಅಕ್ಕ ತಿರುಗಿ ನೋಡಿದಳು. ಎರಡೂ ಬುರುಡೆ ಹಗ್ಗದ ಸಮೇತ ಮಾರು ದೂರದಲ್ಲಿ ಮೆಲ್ಲಗೆ ತಿರುಗುತ್ತಾ ತೇಲುತ್ತಿದ್ದವು.

ಅವಳು ಚೀರಲಿಲ್ಲ. ಕೈ ಆಡಿಸಲೂ ಇಲ್ಲ. ಬಿಟ್ಟ ಕಲ್ಲಿನ ಹಾಗೆ ಇಳಿದುಹೋದಳು. ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಈಜುವವಳು ಅವಳೇ. ನೀರು ಮುಚ್ಚಿಕೊಂಡಿತು, ಎಣ್ಣೆಯ ಪದರ ಮತ್ತೆ ಕೂಡಿಕೊಂಡಿತು, ಹಸಿರಿನ ಕೆಳಗೆ ಏನೂ ಕಾಣಲಿಲ್ಲ. ಕಾಕಾ ಜಿಗಿದ. ಮೇಲೆ ಬಂದಾಗ ಅವಳ ತೋಳು ಅವನ ಕುತ್ತಿಗೆಯನ್ನು ಸುತ್ತಿಕೊಂಡಿತ್ತು. ಅವನು ಬಿಡಿಸಿಕೊಳ್ಳಲು ಹೋದಷ್ಟೂ ಅವಳು ಅವನ ತಲೆಯ ಮೇಲೆ ಹತ್ತುತ್ತಿದ್ದಳು. ಇಬ್ಬರೂ ಮುಳುಗಿದರು. ಎದ್ದರು. ಮತ್ತೆ ಮುಳುಗಿದರು. ನಾನು ಪಂಪಿನ ಹತ್ತಿರದ ಹಗ್ಗವನ್ನು ಪೈಪಿಗೆ ಸುತ್ತಿ ನೀರಿಗೆ ಎಸೆದೆ. ಕಾಕಾನ ಒಂದು ಕೈ ಮೇಲೆ ಬಂತು, ತಪ್ಪಿತು, ಮತ್ತೆ ಬಂದು ಹಿಡಿಯಿತು.

ಪಾವಟಿಗೆಯ ಮೇಲೆ ಬಿದ್ದುಕೊಂಡು ಇಬ್ಬರೂ ಕೆಮ್ಮಿದರು. ಕಾಕಾನ ಕುತ್ತಿಗೆಯಲ್ಲಿ ಉಗುರಿನ ಗೀರು, ರಕ್ತ. ಅಕ್ಕ ಉಸಿರು ಬಂದ ಮೇಲೆ ಅವನನ್ನೇ ನೋಡಿದಳು.

"ಆಣಿ ಮಾಡಿದ್ದ್ಯಲ್ಲ ಕಾಕಾ."

ಅಷ್ಟೇ. ಆ ಗಟ್ಟಿಮುಟ್ಟಾದ ಮನುಷ್ಯ ಮೊಣಕಾಲಿನ ನಡುವೆ ತಲೆ ಹುದುಗಿಸಿ ಗಡಗಡ ನಡುಗಿದ. ಆಮೇಲೆ ಅವನು ಯಾರಿಗೂ ಈಜು ಕಲಿಸಲಿಲ್ಲ. ಬಾವಿಯ ಸುತ್ತ ಜಾಲಿಯ ಮುಳ್ಳು ಹಾಕಿಸಿದ.

ಅದುವರೆಗೆ ಅಕ್ಕನಿಗೆ ನೀರಿನ ಭಯವಿತ್ತು; ಆ ದಿನದಿಂದ ಮನುಷ್ಯರ ಮಾತಿನ ಭಯವೂ ಸೇರಿತು. ಏನೂ ಆಗುವುದಿಲ್ಲ ಎಂದು ಯಾರಾದರೂ ಅಂದರೆ ಸಾಕು, ಏನೋ ಆಗಲಿದೆ ಎಂದು ಬಿಳಿಚಿಕೊಳ್ಳುತ್ತಿದ್ದಳು. ಬಾಗಿಲ ಚಿಲಕ ಹಾಕಿದ್ದನ್ನು ಮತ್ತೆ ಮತ್ತೆ ಎಳೆದು ನೋಡುತ್ತಿದ್ದಳು. ಮನೆಯವರು ಬಹಳ ಯೋಚಿಸಿ ಕುಷ್ಟಗಿ ಕಡೆಯ ಒಂದು ಊರಿಗೆ ಕೊಟ್ಟರು. ಅಲ್ಲಿ ಕಾಲುವೆ ಇಲ್ಲ, ಹೊಳೆ ಇಲ್ಲ, ಇರುವುದು ಬೋರು. ನೀರು ಕಾಣದಿದ್ದರೆ ಅಂಜಿಕೆಯೂ ಹೋಗುತ್ತದೆ ಎಂಬ ಲೆಕ್ಕ ಅವರದು.

ನಾನು ಆಮೇಲೆ ಹಳೆ ಸೀರೆಗೆ ಸ್ಟೀಲು ಪಾತ್ರೆ ಕೊಡುವ ವ್ಯಾಪಾರ ಹಿಡಿದೆ. ತಲೆಯ ಮೇಲೆ ಬುಟ್ಟಿ, ಊರೂರು ಬಸ್ಸು. ಇವತ್ತಿನ ಅಂಗಡಿ ಆ ಬುಟ್ಟಿಯಿಂದಲೇ ಎದ್ದದ್ದು. ಹಾಗೆ ತಿರುಗುತ್ತಾ ಒಂದು ದಿನ ಅವಳ ಊರಿಗೆ, ಅವಳ ಬಾಗಿಲಿಗೇ ಹೋಗಿ ಕೂಗಿದೆ. ಹೊರಗೆ ಬಂದವಳು ನನ್ನನ್ನು ಗುರುತು ಹಿಡಿದು, ಅಪ್ಪಿಕೊಂಡು, ಅತ್ತು, ಆಮೇಲೆ ಒಂದು ಹಳೆ ಸೀರೆ ತಂದು ಚೌಕಾಶಿಗೆ ಕೂತಳು.

"ನಿಮ್ಮ ಓಣಿಯಾಕಿ ನಾನು. ಒಂದು ಡಬ್ಬಿ ಹೆಚ್ಚಿಗಿ ಕೊಡು."

"ನಮ್ಮ ಓಣಿಯಾಕಿ ಅಂತನ ಸೀರಿ ಹರದದ್ದು ನೋಡಲಾರದ ತಗೊಂಡೀನಿ."

ನಕ್ಕಳು. ನಗುತ್ತಿರುವಾಗಲೇ ಅವಳ ಬೆರಳು ಸೆರಗಿನ ತುದಿಯನ್ನು ಗಂಟು ಹಾಕುತ್ತಿತ್ತು, ಬಿಚ್ಚುತ್ತಿತ್ತು. ಅಂಜಿಕೆ ಹೋಗಿರಲಿಲ್ಲ. ನೀರನ್ನು ಬಿಟ್ಟು ಬಸ್ಸಿಗೆ, ಸಂತೆಗೆ, ಹೊಗೆ ತುಂಬಿದ ಅಡುಗೆಮನೆಗೆ ಹಬ್ಬಿತ್ತು. ಗಂಡ ಒಳ್ಳೆಯವನು, ಎದೆಯ ಡಾಕ್ಟರರಿಗೆ ತೋರಿಸಿದ್ದ. "ಎದಿ ಬಡಿತದ ಪಟ್ಟಿ ತಗದು ಏನೂ ಇಲ್ಲ ಅಂದ್ರು. ಏನೂ ಇಲ್ಲಂದ್ರ ನಾ ಸುಳ್ಳ ಹೇಳ್ತೀನೇನ?" ಎಂದಳು. ಕೊಪ್ಪಳದ ದೊಡ್ಡಾಸ್ಪತ್ರೆಯಲ್ಲಿ ಮನಸ್ಸಿಗೆ ನೋಡುವ ಡಾಕ್ಟರರು ಇದ್ದಾರೆ, ಹೋಗೋಣ ಎಂದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹುಚ್ಚರ ಡಾಕ್ಟರ್ ಕಡೆ ಹೋದ್ಲು ಅಂದ್ರ ನಾಳೆ ಮಗಳನ್ನ ಯಾರ ತಗೋತಾರ?"

"ನನ್ನ ಕೂಡ ಪಾತ್ರಿ ತರಾಕ ಹೋಗಿದ್ಲು ಅಂತ ಹೇಳು" ಎಂದೆ.

ಗಂಡನಿಗೆ ನಿಜ ಹೇಳಿ, ಊರಿಗೆ ಪಾತ್ರೆಯ ಮಾತು ಹೇಳಿ ಹೋದೆವು. ಇದು ಹುಚ್ಚಲ್ಲ, ಭಯದ ಕಾಯಿಲೆ, ಆಟಗಾರರಿಗೂ ಬರುತ್ತದೆ, ಗುಣವಾಗುತ್ತದೆ ಎಂದರು ಡಾಕ್ಟರಮ್ಮ. ಮಾತ್ರೆ ಬರೆದರು, ಉಸಿರಾಟ ಹೇಳಿಕೊಟ್ಟರು, ಮಾತಾಡಲು ಮತ್ತೆ ಮತ್ತೆ ಬರಲು ಹೇಳಿದರು. ಗುಣವಾಗುತ್ತದೆ ಎಂಬ ಮಾತು ಅಕ್ಕನ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಮುಂದಿನ ಸಲ ನಾನು ಅವಳ ಊರಿಗೆ ಹೋದಾಗ ಅವಳೇ ಹೇಳಿದಳು: "ಗುಳಿಗಿ ತಗೊಂಡ್ರ ಮೊದಲ ಎರಡು ವಾರ ಫರಕ ಕಾಣಂಗಿಲ್ಲ, ಹೊಟ್ಟಿ ತೊಳಸ್ತೈತಿ ಅಂತ ಡಾಕ್ಟರಮ್ಮ ಮೊದಲ ಹೇಳಿದ್ರು. ಖರೇನ ತೊಳಸ್ತು. ಅದಕ್ಕ ಅವರ ಮ್ಯಾಲ ನಂಬಿಕಿ ಬಂತು ನೋಡ."

ಒಂದು ಮದುವೆಗೆಂದು ಗಂಗಾವತಿಗೆ ಬಂದವಳು, ಎಷ್ಟೋ ತಿಂಗಳ ನಂತರ, ತಾನಾಗಿ ಕೇಳಿದಳು: "ಕಾಲುವಿ ಕಡೆ ಹೋಗೂಣೇನ?" ಬಟ್ಟೆ ಒಗೆಯುವ ಪಾವಟಿಗೆಯ ಹತ್ತಿರ ಕರೆದುಕೊಂಡು ಹೋದೆ. ನೀರು ಕೆಂಪಗೆ ಓಡುತ್ತಿತ್ತು. ಅವಳಿಗಿಂತ ನನಗೇ ಹೆಚ್ಚು ಹೆದರಿಕೆ. ಅವಳು ಸೀರೆ ಎತ್ತಿ ಕಟ್ಟಿ ನನ್ನ ಮುಂಗೈ ಹಿಡಿದಳು.

"ಹಿಡಕೋ. ಬಿಡೂ ಮೊದಲ ನನಗ ಹೇಳು."

ಮೊಣಕಾಲಿನವರೆಗೆ ಇಳಿದಳು. ಉಸಿರು ಜೋರಾಯಿತು, ತಡೆದು ತಡೆದು ಬಿಟ್ಟಳು. ಬಹಳ ಹೊತ್ತಿನ ಮೇಲೆ "ಬಿಡ್ಲೇನಕ್ಕ?" ಎಂದೆ. ಅವಳು ಮೊದಲು ಬೇಡ ಎಂದಳು. ಮತ್ತೆ ಕೇಳಿದೆ. "ಹೂಂ, ಬಿಡು." ಬಿಟ್ಟೆ. ಓಡುವ ನೀರಿನಲ್ಲಿ ಒಬ್ಬಳೇ ನಿಂತಳು. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ, ಬೆನ್ನು ನನ್ನ ಕಡೆ ಇತ್ತು. "ಸಾಕು, ಹಿಡಿ" ಎಂದಳು. ಹಿಡಿದೆ. ಮೇಲೆ ಬಂದು ಕಾಲು ಒರೆಸಿಕೊಳ್ಳುತ್ತಾ, "ಕಾಕಾ ಕೆಟ್ಟಾಂವ ಅಲ್ಲ. ಅಂವಗ ಅಂಜಿಕಿ ಅಂದ್ರ ಏನಂತ ಗೊತ್ತಿರಲಿಲ್ಲ, ಅಷ್ಟ" ಎಂದಳು. ಅಷ್ಟರಲ್ಲಿ ಕಾಕಾ ತೀರಿಕೊಂಡು ಬಹಳ ವರ್ಷವಾಗಿತ್ತು.

ಅವಳು ಮತ್ತೆ ಈಜಲಿಲ್ಲ. ಈಜುವ ಆಸೆ ಇತ್ತೋ ಏನೋ, ನಾನು ಕೇಳಲಿಲ್ಲ. ಎರಡು ವರ್ಷದ ಹಿಂದೆ ಕಾಮಾಲೆಯಾಗಿ ಹೋಗಿಬಿಟ್ಟಳು. ಜಡೆಯ ಸಮೇತ ಬಾವಿಗೆ ಜಿಗಿಯುವ ಆ ಹುಡುಗಿಯನ್ನು ಇನ್ನೂ ನೆನೆಯುವವಳು ನಾನೊಬ್ಬಳೇ ಇರಬೇಕು. ನಾನೂ ಮರೆತರೆ ಅವಳು ಇರಲೇ ಇಲ್ಲ ಎಂದಾಗುತ್ತದಲ್ಲ ಎಂದು ನನಗೆ ಬೇರೊಂದು ಹೆದರಿಕೆಯಾಗುತ್ತದೆ...

ಈಗ ಬೇಸಿಗೆ ಬಂದರೆ ನಮ್ಮ ಕಡೆಯೂ ಈಜಿನ ಶಿಬಿರಗಳು ನಡೆಯುತ್ತವೆ. ನನ್ನ ಅಂಗಡಿಗೆ ಬರುವ ತಾಯಂದಿರು ಡಬ್ಬಿ ಆರಿಸುತ್ತಾ, "ನಮ್ಮ ಹುಡುಗ ನೀರು ಕಂಡ್ರ ಅಳ್ತಾನ್ರೀ, ಒಂದ್ಸಲ ನೂಕಿದ್ರ ಸರಿ ಹೋಗ್ತಾನ" ಎನ್ನುತ್ತಾರೆ. ನಾನು ಡಬ್ಬಿಯ ದರದ ಮಾತು ಅಲ್ಲಿಗೇ ನಿಲ್ಲಿಸಿ ಅವರನ್ನು ಕೂರಿಸಿಕೊಳ್ಳುತ್ತೇನೆ. ನಿಮಗೂ ಅದನ್ನೇ ಹೇಳುತ್ತೇನೆ. ಫೀ ಕಟ್ಟುವ ಮೊದಲು ಒಂದು ದಿನ ಸುಮ್ಮನೆ ಹೋಗಿ ದಂಡೆಯ ಮೇಲೆ ಕೂತು ನೋಡಿ. ವೇಗವಾಗಿ ಈಜುವ ಮಗುವಿಗೆ ಮಾಸ್ತರರು ಏನು ಹೇಳುತ್ತಾರೆ ಎಂಬುದನ್ನು ಬಿಡಿ, ಅಳುವ ಮಗುವಿಗೆ ಏನು ಮಾಡುತ್ತಾರೆ ನೋಡಿ. ನಗುವವರಿದ್ದರೆ ಎದ್ದು ಬನ್ನಿ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಪದಕ ತಂದ ಮಗು ಒಂದು ದಿನ ಎದೆ ಬಡಿಯುತ್ತದೆ, ಹೋಗುವುದಿಲ್ಲ ಎಂದರೆ ನಾಟಕ ಎನ್ನಬೇಡಿ, ಏನೂ ಆಗುವುದಿಲ್ಲ ಎಂದೂ ಅನ್ನಬೇಡಿ. ಆಗುತ್ತಿದೆ ಎಂದೇ ತಾನೆ ಅದು ಹೇಳುತ್ತಿರುವುದು? ಪಕ್ಕದಲ್ಲಿ ಕೂತು ಪೂರ್ತಿ ಕೇಳಿ. ದಿನ ಕಳೆದರೂ ಇಳಿಯದಿದ್ದರೆ ಮನಸ್ಸಿನ ಡಾಕ್ಟರರು ಯಾವ ದಿನ ಸಿಗುತ್ತಾರೆ ಎಂದು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ನಾಚಿಕೆಯಾದರೆ ಪಾತ್ರೆ ತರಲು ಹೊರಟೆವು ಎಂದು ಓಣಿಗೆ ಹೇಳಿ, ನನ್ನ ಅಡ್ಡಿಯಿಲ್ಲ. ಆದರೆ ಆ ಮಗುವಿಗೆ ಮಾತ್ರ ಒಂದೂ ಸುಳ್ಳು ಹೇಳಬೇಡಿ, ಒಳ್ಳೆಯದಕ್ಕೆಂದು ಕೂಡ. ನೀರಿಗೆ ಇಳಿಸಿದರೆ ಕೈ ಹಿಡಿದುಕೊಂಡಿರಿ. ಬಿಡುವ ಮುಂಚೆ ಹೇಳಿ. ಅದು ಹೂಂ ಎನ್ನುವವರೆಗೆ ಬಿಡಬೇಡಿ.